ಗಾಂಜಾ ವಿಷಯದಲ್ಲಿ ಅಂಜಿನಯ್ಯನವರ ಕಡತ

ಆರ್‌ಪಿಸಿ ಲೇಔಟಿನ ಅಂಜಿನಯ್ಯನವರಿಗೆ ಅರವತ್ತೆರಡು ತುಂಬಿದರೂ ಸ್ವಂತದ್ದು ಅಂತ ಒಂದು ಅಭಿಪ್ರಾಯ ಇರಲಿಲ್ಲ. ಮನೆ ಸ್ವಂತದ್ದಿತ್ತು, ಸ್ಕೂಟರ್ ಸ್ವಂತದ್ದಿತ್ತು, ಹಲ್ಲುಗಳಲ್ಲಿ ಮುಕ್ಕಾಲು ಪಾಲು ಸ್ವಂತದ್ದೇ. ಅಭಿಪ್ರಾಯ ಮಾತ್ರ ಇಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ ಬಿಡಿ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಒಂದು ಕಡತ ಬಂತೆಂದರೆ ಹಿಂದಿನ ಪತ್ರಗಳನ್ನೆಲ್ಲ ಹುಡುಕಿ, ಸಂಬಂಧಪಟ್ಟ ಶಾಖೆಗಳನ್ನೆಲ್ಲ ಕೇಳಿ, ಈ ಕಡೆಯಿಂದ ನೋಡಿದರೆ ಹೀಗೂ ಇದೆ, ಆ ಕಡೆಯಿಂದ ನೋಡಿದರೆ ಹಾಗೂ ಇದೆ ಎಂದು ಟಿಪ್ಪಣಿ ಬರೆದು, ಕೆಳಗೆ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಅಂತ ಪುಟಾಣಿ ಸಹಿ ಹಾಕಿ ಮೇಲಕ್ಕೆ ಕಳಿಸುವುದು ಅವರ ಕೆಲಸ. ಅಭಿಪ್ರಾಯ ಇಟ್ಟುಕೊಳ್ಳುವುದು ಮೇಲಿನವರ ಕೆಲಸ. ಊಟಕ್ಕೆ ಕೂತಾಗ ಹೆಂಡತಿ ಶಶಿಕಲಾ “ಸಾರಿಗೆ ಉಪ್ಪು ಸರಿಯಾಗಿದೆಯೇನ್ರಿ?” ಅಂತ ಕೇಳಿದರೂ “ಹೋದ ಸೋಮವಾರ ಎಷ್ಟು ಹಾಕಿದ್ದೆ?” ಅಂತ ತಿರುಗಿ ಕೇಳುತ್ತಿದ್ದ ಮನುಷ್ಯ.

ಇವರ ಕಾಂಪೌಂಡಿಗೆ ಅಂಟಿಕೊಂಡೇ ನಾಗಭೂಷಣ್ ಅವರ ಮನೆ. ಇಬ್ಬರೂ ಒಂದೇ ದಿನ ಒಂದೇ ಕಚೇರಿಗೆ ಕೆಲಸಕ್ಕೆ ಸೇರಿದವರು. ಅಂಜಿನಯ್ಯ ಗುಮಾಸ್ತರಾಗಿಯೇ ಉಳಿದರು, ನಾಗಭೂಷಣ್ ಸೂಪರಿಂಟೆಂಡೆಂಟ್ ಆದರು. ಹೇಗಾದರು ಅಂದರೆ, ಓದದೆ ಆದರು. ಅಂಜಿನಯ್ಯ ಮೂರು ದಿನ ಬೆನ್ನು ಬಗ್ಗಿಸಿ ಬರೆದ ಟಿಪ್ಪಣಿಯ ಕೆಳಗೆ ನಾಗಭೂಷಣ್ ಟೀ ಕುಡಿಯುತ್ತಾ ‘ಒಪ್ಪಿದೆ’ ಅಂತ ಒಂದು ಪದ ಗೀಚುತ್ತಿದ್ದರು. ಸಾಹೇಬರು ಕರೆದು ಬೆನ್ನು ತಟ್ಟುತ್ತಿದ್ದದ್ದು ಆ ಒಂದು ಪದದವರನ್ನು. ಆ ಬೆನ್ನು ತಟ್ಟುವ ಸದ್ದು ಅಂಜಿನಯ್ಯನವರ ಕಿವಿಯಲ್ಲಿ ಇನ್ನೂ ಹಾಗೇ ಇತ್ತು. ನಿವೃತ್ತಿಯಾದ ಮೇಲಾದರೂ ನೆಮ್ಮದಿ ಅಂದುಕೊಂಡರೆ, ಪಾರ್ಕಿನಲ್ಲಿ ಆ ಘಟನೆ ನಡೆದುಹೋಯಿತು.

ಒಂದು ಭಾನುವಾರ ಬೆಳಿಗ್ಗೆ ಅಂಜಿನಯ್ಯ ವಾಕಿಂಗ್ ಮಾಡುತ್ತಿದ್ದಾಗ ಕೈಯಲ್ಲಿ ಮೈಕು ಹಿಡಿದ ಹುಡುಗಿಯೊಬ್ಬಳು ಅಡ್ಡ ಬಂದಳು. ಮಾಲವಿಕಾ ಅಂತ ಹೆಸರು. ಯೂಟ್ಯೂಬಿನಲ್ಲಿ ಸ್ವಂತ ಚಾನೆಲ್ಲು ನಡೆಸುವವಳು. ಅವಳ ಹಿಂದೆ ಕ್ಯಾಮೆರಾ ಹಿಡಿದ ಇನ್ನೊಬ್ಬ.

“ಸಾರ್, ಒಂದೇ ಒಂದು ಪ್ರಶ್ನೆ. ಗಾಂಜಾನ ಲೀಗಲ್ ಮಾಡ್ಬೇಕಾ, ಬೇಡ್ವಾ? ನಿಮ್ಮ ಪರ್ಸನಲ್ ಒಪಿನಿಯನ್ ಹೇಳಿ.”

ಅಂಜಿನಯ್ಯ ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

“ನನ್ನನ್ನಾ?”

“ನಿಮ್ಮನ್ನೇ ಸಾರ್.”

“ಪರ್ಸನಲ್ಲಾ?”

“ಪರ್ಸನಲ್ಲೇ ಸಾರ್.”

ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಅಂಜಿನಯ್ಯ ಶರ್ಟಿನ ಗುಂಡಿ ಸರಿಮಾಡಿಕೊಂಡರು. “ಇದ್ರ ಬಗ್ಗೆ ಹಿಂದೆ ಏನಾದ್ರೂ ಸುತ್ತೋಲೆ ಬಂದಿತ್ತಾ ಅಮ್ಮ?” ಅಂದರು.

“ಅದೆಲ್ಲ ಬೇಡ ಸಾರ್, ಮನಸ್ಸಿಗೆ ತೋಚಿದ್ದು ಹೇಳಿ.”

“ಹಾಗಾದ್ರೆ ಒಂದ್ ರೌಂಡ್ ಹೊಡ್ಕೊಂಡು ಬಂದು ಹೇಳ್ತೀನಿ. ಇಲ್ಲೇ ಇರು, ಎಲ್ಲೂ ಹೋಗ್ಬೇಡ.”

ರೌಂಡು ಹೊಡೆದು ಬರುವಷ್ಟರಲ್ಲಿ ಮೈಕಿನ ಮುಂದೆ ನಾಗಭೂಷಣ್ ನಿಂತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತಲೆಗೆ ಮಂಕಿ ಕ್ಯಾಪು, ಎಡಗೈಯಲ್ಲಿ ಪೂಜೆಗೆ ಕಿತ್ತ ಗರಿಕೆ. ಬಾಯಲ್ಲಿ ಮಾತು ಧೋ ಅಂತ ಸುರಿಯುತ್ತಿತ್ತು.

“ಮಾಡಿ ಸ್ವಾಮಿ, ಲೀಗಲ್ ಮಾಡಿ! ಕದ್ದು ಮುಚ್ಚಿ ಸೇದೋದಕ್ಕಿಂತ ರೇಷನ್ ಅಂಗಡಿ ಮುಂದೆ ಕ್ಯೂ ನಿಂತು ತಗೊಳ್ಳಲಿ. ಮೇಲೆ ಜಿಎಸ್‌ಟಿ ಹಾಕಿ, ಆ ದುಡ್ಡಲ್ಲಿ ನಮ್ಮ ರಸ್ತೆ ಗುಂಡಿ ಮುಚ್ಚಿ. ಎಲ್ಲಾ ಟ್ಯಾಕ್ಸ್ ಕಟ್ಟಿ ನೋಡಿದ್ದಾಯ್ತು, ಗುಂಡಿ ಮುಚ್ಚಲಿಲ್ಲ. ಇನ್ನು ಇದೊಂದು ಬಾಕಿ ಇದೆ!”

ಅಷ್ಟೇ. ಎರಡು ದಿನಕ್ಕೆ ಆ ವಿಡಿಯೋ ಒಂಬತ್ತು ಲಕ್ಷ ಜನ ನೋಡಿದರು. ನಾಗಭೂಷಣ್ ರಾತ್ರೋರಾತ್ರಿ ‘ಗಾಂಜಾ ಅಂಕಲ್’ ಆಗಿಬಿಟ್ಟರು. ದರ್ಶಿನಿಯವನು ಅವರ ಇಡ್ಲಿ ತಟ್ಟೆಗೆ ಕೇಳದೆ ಒಂದು ವಡೆ ಇಟ್ಟ. ಊಟ ತಂದುಕೊಡುವ ಹುಡುಗರು ಗಾಡಿ ನಿಲ್ಲಿಸಿ “ಅಂಕಲ್, ಒಂದ್ ಸೆಲ್ಫಿ” ಅಂದರು. ದೇವಸ್ಥಾನದ ಅರ್ಚಕರು ಕೂಡ ಮಂಗಳಾರತಿ ತಟ್ಟೆ ಮೊದಲು ಅವರ ಕಡೆಗೇ ಚಾಚಿದರು. ನಾಗಭೂಷಣರ ಹೆಂಡತಿ ಭುವನೇಶ್ವರಿ ಬಟ್ಟೆ ಒಣಗಿಸಲು ಟೆರೇಸಿಗೆ ಹೋಗುವಾಗಲೂ ರೇಷ್ಮೆ ಸೀರೆ ಉಡತೊಡಗಿದರು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ಹುಡುಗಿಯರು ಗಾಂಜಾ ಅಂಕಲ್ ಜೊತೆ ಫೋಟೋಗೆ ನಿಂತು, ಪಕ್ಕದಲ್ಲಿದ್ದ ಅಂಜಿನಯ್ಯನವರ ಕೈಗೆ ಫೋನು ಕೊಟ್ಟು “ತಾತ, ಸ್ವಲ್ಪ ತೆಗೀರಿ” ಅಂದರು. ನಾಗಭೂಷಣ್ ಅಂಕಲ್, ಅಂಜಿನಯ್ಯ ತಾತ! ಇಬ್ಬರಿಗೂ ಇರುವುದು ಮೂರು ತಿಂಗಳ ಅಂತರ, ಅದೂ ನಾಗಭೂಷಣರೇ ದೊಡ್ಡವರು.

ಹೊಟ್ಟೆಕಿಚ್ಚು ಅಂದರೆ ಏನು ಅಂತ ಅಂಜಿನಯ್ಯನವರಿಗೆ ಆವತ್ತು ಸರಿಯಾಗಿ ಗೊತ್ತಾಯಿತು. ಆದರೂ ಅದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ನಡೆದದ್ದು ಅವರ ಸ್ವಂತ ಅಡುಗೆಮನೆಯಲ್ಲಿ. ಶಶಿಕಲಾ ಒಲೆಯ ಪಕ್ಕ ಫೋನು ಒರಗಿಸಿಟ್ಟುಕೊಂಡು ಅದೇ ವಿಡಿಯೋ ನೋಡುತ್ತಿದ್ದರು. ಮೂರನೇ ಸಲ.

“ಎಷ್ಟು ನೇರವಾಗಿ ಮಾತಾಡಿದಾರೆ ನೋಡ್ರಿ. ಮುಖದಲ್ಲೇ ಒಂದು ಕಳೆ ಬಂದ್ಬಿಟ್ಟಿದೆ.”

“ಮಂಕಿ ಕ್ಯಾಪ್ ಒಳಗೆ ನಿಂಗೆ ಕಳೆ ಎಲ್ಲಿ ಕಾಣ್ಸಿತೇ?”

“ಮಾತಲ್ಲಿ ಕಾಣುತ್ತೆ. ಗಂಡಸು ಅಂದ್ಮೇಲೆ ಏನಾದ್ರೂ ಕೇಳಿದ್ರೆ ಹೂಂ ಅನ್ಬೇಕು, ಇಲ್ಲ ಊಹೂಂ ಅನ್ಬೇಕು.”

“ಆ ಹುಡುಗಿ ಮೊದಲು ಕೇಳಿದ್ದು ನನ್ನನ್ನ ಕಣೇ!”

“ಹೌದಾ? ನೀವೇನಂದ್ರಿ?”

“ಯೋಚನೆ ಮಾಡ್ತಿದ್ದೆ.”

ಶಶಿಕಲಾ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. “ಮದುವೆ ಆದಾಗಿಂದ ಯೋಚನೆ ಮಾಡ್ತಾನೇ ಇದೀರಿ” ಅಂದವರೇ ಒಗ್ಗರಣೆಗೆ ಸಾಸಿವೆ ಹಾಕಿದರು.

ಅಂಜಿನಯ್ಯನವರಿಗೆ ಅಲ್ಲೇ ನಿಶ್ಚಯವಾಯಿತು. ಒಂಬತ್ತು ಲಕ್ಷ ಜನ ಬೇಡ, ವಡೆಯೂ ಬೇಡ. ನಾಗಭೂಷಣನ ಬಗ್ಗೆ ಆಡಿದ ಆ ಮಾತನ್ನು ತನ್ನ ಹೆಂಡತಿ ತನ್ನ ಬಗ್ಗೆ ಒಂದೇ ಒಂದು ಸಲ ಆಡಬೇಕು. ತಕ್ಷಣ ಮಾಲವಿಕಾಳ ನಂಬರು ಹುಡುಕಿ ಫೋನು ಮಾಡಿದರು. ಅವಳಿಗೂ ಖುಷಿಯೇ. “ಸೂಪರ್ ಸಾರ್! ಅಂಕಲ್ ವರ್ಸಸ್ ಅಂಕಲ್ ಅಂತ ಮಾಡೋಣ. ಬರೋ ಭಾನುವಾರ ನಿಮ್ಮನೆ ಹತ್ರಾನೇ ಬರ್ತೀನಿ. ಒಪಿನಿಯನ್ ರೆಡಿ ಇಟ್ಕೊಂಡಿರಿ” ಅಂದಳು. ಆವತ್ತು ಸೋಮವಾರ. ಇನ್ನು ಆರು ದಿನದಲ್ಲಿ ಅಂಜಿನಯ್ಯನವರಿಗೆ ಒಂದು ಅಭಿಪ್ರಾಯ ಬೇಕು.

ಬೇರೆ ಯಾರಾದರೂ ಆಗಿದ್ದರೆ ಈಸಿಚೇರಿನಲ್ಲಿ ಕೂತು ಯೋಚಿಸುತ್ತಿದ್ದರೋ ಏನೋ. ಅಂಜಿನಯ್ಯ ಕಡತ ತೆರೆದರು. ಬೀರುವಿನಿಂದ ರಟ್ಟಿನ ಫೈಲೊಂದನ್ನು ತೆಗೆದು, ದಾರ ಪೋಣಿಸಿ, ಮುಖಪುಟದ ಮೇಲೆ ದುಂಡಗೆ ಬರೆದರು: ‘ವಿಷಯ: ಗಾಂಜಾ. ಉಲ್ಲೇಖ 1: ಶ್ರೀ ನಾಗಭೂಷಣ್ ಅವರು ಉದ್ಯಾನವನದಲ್ಲಿ ನೀಡಿದ ಹೇಳಿಕೆ.’ ಆ ಹೆಸರು ಬರೆಯಲು ಮನಸ್ಸಿರಲಿಲ್ಲ. ಏನು ಮಾಡುವುದು, ಉಲ್ಲೇಖವಿಲ್ಲದ ಕಡತ ಕಡತವೇ ಅಲ್ಲ. ಆಮೇಲೆ ಒಂದು ಹಾಳೆಗೆ ಗೆರೆ ಎಳೆದು ಹೆಸರು, ವಿಳಾಸ, ಮೊಬೈಲ್ ನಂಬರ್, ಬೇಕು ಅಥವಾ ಬೇಡ, ಸಹಿ ಅಂತ ಐದು ಕಲಂ ಮಾಡಿದರು. ಸಂಬಂಧಪಟ್ಟ ಎಲ್ಲರ ಅಭಿಪ್ರಾಯ ಕ್ರೋಢೀಕರಿಸಿದರೆ ತನ್ನದು ತಾನಾಗಿಯೇ ಅಡಿಯಲ್ಲಿ ಇಳಿಯುತ್ತದೆ ಎಂಬುದು ಅವರ ಸೇವಾನುಭವ.

ಮೊದಲು ಹೋದದ್ದು ಮೂಲೆಯಲ್ಲಿ ಹೂ ಮಾರುವ ಪಟಾಲಮ್ಮನ ಹತ್ತಿರ. ವಯಸ್ಸಾದವಳು, ಬೀದಿಯ ಸಮಸ್ತ ಸುದ್ದಿಯೂ ಅವಳ ಬುಟ್ಟಿಯ ಮೂಲಕವೇ ಹಾದು ಹೋಗಬೇಕು.

“ಪಟಾಲಮ್ಮ, ಗಾಂಜಾ ಬಗ್ಗೆ ನಿನ್ನ ಅಭಿಪ್ರಾಯ ಬೇಕಾಗಿತ್ತು.”

ಪಟಾಲಮ್ಮ ಕಟ್ಟುತ್ತಿದ್ದ ಮಲ್ಲಿಗೆ ಕೈಬಿಟ್ಟಳು. “ಯಾಕಪ್ಪಾ, ಎಲ್ಲಿ ನೋವು?”

“ನೋವೇನಿಲ್ಲ. ಬೇಕಾ, ಬೇಡ್ವಾ ಅಂತ ಅಷ್ಟೇ.”

“ನೋವಿಲ್ದೆ ಯಾರಪ್ಪಾ ಅದರ ಸುದ್ದಿಗೆ ಹೋಗ್ತಾರೆ? ನಮ್ಮತ್ತೆ ದನಕ್ಕೆ ಹೊಟ್ಟೆ ಉಬ್ಬರಿಸಿದ್ರೆ ಒಂದ್ ಚಿಟಿಕೆ ಕೊಡೋರು. ನೀನು ಅದನ್ನೆಲ್ಲ ಮುಟ್ಬೇಡ. ಓಮದ ಕಾಳು ಅಗಿ, ಸರಿಹೋಗುತ್ತೆ. ಬೇಡ ಅಂತಾನೇ ಬರ್ಕೋ.” ಹೆಬ್ಬೆಟ್ಟು ಒತ್ತಿದವಳು, ಎರಡು ಮೊಳ ಹೂವನ್ನು ಸುಮ್ಮನೆ ಕೈಗಿಟ್ಟಳು. “ಶಶಿಕಲಮ್ಮಂಗೆ ಕೊಡು. ಪಾಪ, ಏನೇನು ಅನುಭವಿಸ್ತಾ ಇದಾಳೋ.”

ಅಲ್ಲಿಂದ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದ ದುಂಡಪ್ಪನ ಹತ್ತಿರ. ವಿಜಯಪುರದ ಕಡೆಯವನು, ಗೂಡ್ಸ್ ಆಟೋ ಓಡಿಸುತ್ತಾನೆ. ಮಾಲೀಕರ ಕೈಯಲ್ಲಿ ಫೈಲು, ಬಾಯಲ್ಲಿ ಗಾಂಜಾ ಎಂಬ ಮಾತು ಕೇಳಿದ್ದೇ ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಮಾಲಕ್ರ, ನಾ ಏನ್ ತಪ್ಪ್ ಮಾಡೀನ್ರಿ? ಮನಿ ಖಾಲಿ ಮಾಡಸಾಕ ಹಿಂಗ ಕೇಳಾಕತ್ತೀರೇನು? ನಮ್ ಕಡಿ ಭಜನಿ ಮಾಡೂ ಮುದುಕ್ರು ಸೇದತಿದ್ರು ಖರೆ. ನಾ ಎಲಿ ಅಡಿಕಿ ಸೈತ ಮುಟ್ಟಾಂಗಿಲ್ರಿ, ಎಲ್ಲಮ್ಮನ ಆಣಿ!”

“ನೀನು ಸೇದ್ತೀಯ ಅಂತ ನಾನಂದ್ನಾ? ಅಭಿಪ್ರಾಯ ಹೇಳಪ್ಪ.”

“ಬ್ಯಾಡ್ರಿ! ನನಗೂ ಬ್ಯಾಡ, ನಿಮಗೂ ಬ್ಯಾಡ!” ಅಂತ ಸಹಿ ಹಾಕಿ, ಕೈಮುಗಿದು, ಬಾಗಿಲು ಹಾಕಿಕೊಂಡ.

ಪಿಜಿಯ ಹುಡುಗರದೇ ಬೇರೆ ಉತ್ಸಾಹ. ಇಂಜಿನಿಯರಿಂಗ್ ಓದುವ ಸಿದ್ಧಾರ್ಥ ಅನ್ನುವವನು ಬಾಗಿಲಲ್ಲೇ ಅಂಜಿನಯ್ಯನವರನ್ನು ಒಳಗೆಳೆದುಕೊಂಡು “ಅಂಕಲ್, ಮೆಲ್ಲಗೆ ಮಾತಾಡಿ” ಅಂದ. ಪ್ರಶ್ನೆ ಪೂರ್ತಿ ಕೇಳುವ ಮೊದಲೇ ಒಳಗೆ ತಿರುಗಿ, “ಮಚ್ಚಾ, ಬನ್ರೋ! ನಮ್ಮ ಬೀದಿಯ ತಾತನೇ ಮನೆ ಬಾಗಿಲಿಗೆ ಬಂದಿದಾರೆ!” ಅಂತ ಕೂಗಿದ. ಏಳು ಜನ ಸಾಲಾಗಿ ‘ಬೇಕು’ ಅಂತ ಬರೆದು ಸಹಿ ಹಾಕಿದರು. ಮೊಬೈಲ್ ನಂಬರಿನ ಕೆಳಗೆ ಎರಡೆರಡು ಗೆರೆ ಬೇರೆ ಎಳೆದರು. “ಬಂದ ತಕ್ಷಣ ಕಾಲ್ ಮಾಡಿ ಅಂಕಲ್, ಮರೀಬೇಡಿ.” ವಿಡಿಯೋ ಬಂದಾಗ ನೋಡಲು ಇಷ್ಟೊಂದು ತವಕವೇ ಎಂದು ಅಂಜಿನಯ್ಯನವರಿಗೆ ಕಣ್ಣು ತುಂಬಿ ಬಂತು. ಈಗಿನ ಹುಡುಗರಿಗೆ ಸಾರ್ವಜನಿಕ ವಿಷಯದಲ್ಲಿ ಆಸಕ್ತಿಯಿಲ್ಲ ಅನ್ನುವವರ ಬಾಯಿಗೆ ಮಣ್ಣು ಹಾಕಬೇಕು ಅಂದುಕೊಂಡೇ ಮೆಟ್ಟಿಲಿಳಿದರು.

ಗುರುವಾರದ ಹೊತ್ತಿಗೆ ಇಸ್ತ್ರಿ ಅಂಗಡಿ, ಹೇರ್ ಕಟಿಂಗ್, ಹಾಲಿನ ಬೂತು ಎಲ್ಲ ಮುಗಿದು ಲೆಕ್ಕ ನೋಡಿದರೆ ಏಳು ಬೇಕು, ಏಳು ಬೇಡ. ಅಂಜಿನಯ್ಯ ಪೆನ್ನು ಕಚ್ಚಿಕೊಂಡು ಕೂತರು. ತಕ್ಕಡಿ ಆಚೆಗೂ ವಾಲಲಿಲ್ಲ, ಈಚೆಗೂ ವಾಲಲಿಲ್ಲ. ಆಗ ಕಾಂಪೌಂಡಿನ ಆಚೆಯಿಂದ ನಾಗಭೂಷಣ್ ಯಾರಿಗೋ ಫೋನಿನಲ್ಲಿ ಹೇಳುವುದು ಕೇಳಿಸಿತು: “ಹೂಂ ಹೂಂ, ಲೀಗಲ್ ಮಾಡ್ಲೇಬೇಕು ಅಂತ ನಾನೇ ಹೇಳಿದ್ದು!” ಅಷ್ಟು ಸಾಕಾಯಿತು. ಅಂಜಿನಯ್ಯನವರ ಪೆನ್ನು ತಾನಾಗಿಯೇ ಓಡಿತು. ‘ಗಾಂಜಾ ಎಂಬುದು ಸಮಾಜದ ಪಿಡುಗು. ಅದರ ಒಂದು ಎಲೆಗೂ ಅವಕಾಶ ಕೊಡಕೂಡದು.’ ಬರೆದದ್ದನ್ನು ನಾಲ್ಕು ಸಲ ಓದಿಕೊಂಡರು. ಜೀವನದಲ್ಲಿ ಮೊದಲನೆಯ ಅಭಿಪ್ರಾಯ. ಎಷ್ಟು ಚೆನ್ನಾಗಿದೆ ಅನ್ನಿಸಿತು.

ಅಷ್ಟರಲ್ಲಿ ಪಟಾಲಮ್ಮನ ಬುಟ್ಟಿ ತನ್ನ ಕೆಲಸ ಮಾಡಿ ಮುಗಿಸಿತ್ತು. ಶುಕ್ರವಾರ ಬೆಳಿಗ್ಗೆ ಶಶಿಕಲಾರ ತಮ್ಮ ಮಹದೇವ್ ಬಾಪೂಜಿ ನಗರದಿಂದ ಉಸಿರು ಬಿಡದೆ ಬಂದಿಳಿದ. ಅಕ್ಕ ಒಳಗೆ ಮೂಗು ಒರೆಸಿಕೊಳ್ಳುತ್ತಿದ್ದಳು. ಮಹದೇವ್ ಭಾವನ ಪಕ್ಕ ಕೂತು, ಆಸ್ಪತ್ರೆಯಲ್ಲಿ ರೋಗಿಯನ್ನು ಮಾತಾಡಿಸುವ ದನಿಯಲ್ಲಿ ಶುರು ಮಾಡಿದ.

“ಭಾವ, ಇದು ಯಾವಾಗಿಂದ?”

“ಸೋಮವಾರದಿಂದ.” ಅಕ್ಕ ತಮ್ಮನಿಗೆ ಕಡತದ ವಿಷಯ ಹೇಳಿಬಿಟ್ಟಿದ್ದಾಳೆ ಅಂತ ಅಂಜಿನಯ್ಯನವರ ಲೆಕ್ಕ.

“ಐದೇ ದಿನಕ್ಕೆ ಇಷ್ಟು ಹಿಡ್ಕೊಂಡ್ಬಿಡ್ತಾ?”

“ಹಿಡಿದ್ರೆ ಮುಗಿಸೋವರೆಗೂ ಬಿಡೋನಲ್ಲ ನಾನು. ನಿಂಗೊತ್ತಲ್ಲ.”

ಮಹದೇವ್ ಇನ್ನೂ ಹತ್ತಿರ ಸರಿದ. “ದಿನಕ್ಕೆ ಎಷ್ಟು ಆಗುತ್ತೆ?”

“ಬೆಳಿಗ್ಗೆ ಒಂದೋ ಎರಡೋ. ಮೊನ್ನೆ ಪಿಜಿ ಹುಡುಗರ ಜೊತೆ ಕೂತೆ ನೋಡು, ಒಂದೇ ಏಟಿಗೆ ಏಳಾಯ್ತು.”

“ಅಯ್ಯೋ ಶಿವನೇ! ಅಕ್ಕಂಗೆ ಗೊತ್ತಾ?”

“ಅವಳಿಗೋಸ್ಕರಾನೇ ಕಣೋ ಇಷ್ಟೆಲ್ಲ ಮಾಡ್ತಿರೋದು!”

ಒಳಗೆ ಪಾತ್ರೆಯೊಂದು ದಡಾರನೆ ಬಿತ್ತು. ಮಹದೇವ್ ಹೋಗಿ ಅಕ್ಕನನ್ನು ಸಮಾಧಾನ ಮಾಡಿದ. ಮಧ್ಯಾಹ್ನಕ್ಕೆ ಅಂಜಿನಯ್ಯನವರ ತೋಳಿಗೆ ಒಂದು ತಾಯಿತ ಬಂತು, ತಟ್ಟೆಗೆ ಹಾಗಲಕಾಯಿ ಬಂತು, ಸಕ್ಕರೆ ಹಾಕದ ಮೆಂತ್ಯದ ನೀರು ಬಂತು. ಕ್ಯಾಮೆರಾ ಮುಂದೆ ನಿಲ್ಲುವವರಿಗೆ ದೃಷ್ಟಿಯಾಗದಿರಲಿ ಅಂತ ಹೆಂಡತಿ ಇಷ್ಟೆಲ್ಲ ಮಾಡುತ್ತಿದ್ದಾಳೆ ಎಂದುಕೊಂಡು ಅವರು ಎಲ್ಲವನ್ನೂ ಸಂತೋಷದಿಂದ ನುಂಗಿದರು.

ಸಂಜೆ ಕಾಂಪೌಂಡಿನ ಮೇಲೆ ನಾಗಭೂಷಣರ ತಲೆ ಕಾಣಿಸಿಕೊಂಡಿತು. “ಅಂಜಿನಯ್ಯ, ಏನಯ್ಯಾ ಇದು? ಲೀಗಲ್ ಮಾಡಿ ಅಂತ ನಾನು ಬಾಯಿಮಾತಿಗೆ ಹೇಳಿದ್ರೆ ನೀನು ಅಷ್ಟರೊಳಗೆ ಶುರು ಹಚ್ಕೊಂಡ್ಬಿಡೋದಾ? ಇನ್ನೂ ಆದೇಶ ಬಂದಿಲ್ಲ ಕಣಯ್ಯ!” ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವರೇನು ಹೇಳುತ್ತಿದ್ದಾರೆ ಅಂತ ಅಂಜಿನಯ್ಯನವರಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಆ ನಗು ಮಾತ್ರ. ತಾನು ಎದುರಾಳಿಯಾಗಿ ನಿಲ್ಲುತ್ತಿರುವುದು ಇವನಿಗೆ ಗೊತ್ತಾಗಿ, ಅದನ್ನೂ ತಮಾಷೆ ಮಾಡುತ್ತಿದ್ದಾನೆ! ‘ನಗು ಮಗನೇ ನಗು, ಭಾನುವಾರ ಬರಲಿ’ ಅಂತ ಒಳಗೊಳಗೇ ಹಲ್ಲು ಕಡಿದರು.

ಕಡತ ಮುಗಿಯಲು ಇನ್ನು ಒಂದೇ ಹೆಜ್ಜೆ ಬಾಕಿಯಿತ್ತು. ಸಂಬಂಧಪಟ್ಟ ಇಲಾಖೆಯ ಅಭಿಪ್ರಾಯ ಪಡೆಯದೆ ಅಂಜಿನಯ್ಯ ತಮ್ಮ ಸೇವಾವಧಿಯಲ್ಲಿ ಒಂದೇ ಒಂದು ಕಡತ ಮುಗಿಸಿದವರಲ್ಲ. ಗಾಂಜಾಕ್ಕೆ ಸಂಬಂಧಪಟ್ಟ ಇಲಾಖೆ ಯಾವುದು? ಪೊಲೀಸು. ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಎರಡು ಪ್ರತಿಗಳಲ್ಲಿ ಮನವಿ ಬರೆದು, ಹದಿನಾಲ್ಕು ಜನರ ಪಟ್ಟಿ ಲಗತ್ತಿಸಿ, ಅವರು ಪೊಲೀಸ್ ಠಾಣೆಗೆ ಹೊರಟರು.

ಠಾಣೆಯ ಮೇಜಿನ ಹಿಂದೆ ಕೂತಿದ್ದವನು ಹೆಡ್ ಕಾನ್‌ಸ್ಟೆಬಲ್ ಅಮೀನಪ್ಪ. ಅಂಜಿನಯ್ಯ ಕಡತ ಮುಂದಿಟ್ಟು, “ಒಂದು ಪ್ರತಿ ನಿಮಗೆ. ಇನ್ನೊಂದಕ್ಕೆ ದುಂಡು ಮೊಹರು ಹಾಕಿ ಸ್ವೀಕೃತಿ ಕೊಡಿ” ಅಂದರು.

ಅಮೀನಪ್ಪ ಬೆರಳಿಟ್ಟು ಓದಿದ. “ವಿಷಯ, ಗಾಂಜಾ. ಲಗತ್ತು, ಹದಿನಾಲ್ಕು ಜನರ ಹೆಸರು, ವಿಳಾಸ, ಮೊಬೈಲ್ ನಂಬರ್, ಸಹಿ.” ಇಪ್ಪತ್ತೆರಡು ವರ್ಷದ ಸರ್ವಿಸ್ಸಿನಲ್ಲಿ ಗಾಂಜಾ ಹಿಡಿಯಲು ಅವನು ಓಡದ ಗಲ್ಲಿಯಿಲ್ಲ, ಹಾರದ ಗೋಡೆಯಿಲ್ಲ. ಗಿರಾಕಿಗಳ ಪಟ್ಟಿಯನ್ನು ಸಹಿ ಸಮೇತ ತಂದುಕೊಟ್ಟು ರಸೀದಿ ಕೇಳಿದವರನ್ನು ಇದೇ ಮೊದಲು ನೋಡುತ್ತಿದ್ದ.

“ಯಜಮಾನ್ರೇ, ಇವರೆಲ್ಲ ನಿಮ್ಮೋರಾ?”

“ಎಲ್ಲಾ ನಮ್ಮ ಬೀದಿಯವರೇ. ನಾನೇ ಮನೆಮನೆಗೆ ಹೋಗಿ ಮಾಡಿದ್ದು.”

“ಮನೆಮನೆಗೆ! ಈ ಏಳು ಜನ ಯಾರು?”

“ಅವರು ಬೇಕು ಅಂದೋರು.”

“ಈ ಏಳು?”

“ಅವರು ಬೇಡ ಅಂದೋರು. ನಾನು ಯಾರಿಗೂ ಬಲವಂತ ಮಾಡೋನಲ್ಲ ಸಾರ್.”

ಅಮೀನಪ್ಪ ಮೆಲ್ಲಗೆ ಎದ್ದು ಹೋಗಿ ಠಾಣೆಯ ಬಾಗಿಲು ಮುಂದೆ ಮಾಡಿದ. ಐದು ನಿಮಿಷಕ್ಕೆ ಅಂಜಿನಯ್ಯ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಕೂತಿದ್ದರು. ಇನ್ಸ್‌ಪೆಕ್ಟರ್ ಕೇಳಿದ್ದು ಒಂದೇ: “ಇದಕ್ಕೆಲ್ಲ ಮೂಲ ಯಾರು?”

ಅಂಜಿನಯ್ಯ ಕಡತದ ಮುಖಪುಟ ನೋಡಿದರು. ವಾರವೆಲ್ಲ ಬೀದಿ ಸುತ್ತಿ ಕಾಲು ಸವೆಸಿದ್ದು ತಾನು. ಇಲ್ಲಿಯೂ ಮೊದಲು ಬರುವುದು ಅವನ ಹೆಸರೇ! ಆದರೆ ಕಡತದಲ್ಲಿ ಸುಳ್ಳು ಹ್ಯಾಗೆ ಹೇಳುವುದು? “ಉಲ್ಲೇಖ ಒಂದು ನೋಡಿ ಸಾರ್” ಅಂದರು ಸಣ್ಣ ದನಿಯಲ್ಲಿ.

ನಾಗಭೂಷಣರಿಗೆ ಫೋನು ಹೋಯಿತು. ಠಾಣೆಯಿಂದ ಕರೆ ಅಂದಾಗ ಅವರು ತಿಳಿದದ್ದೇ ಬೇರೆ. ಏನೋ ಜಾಗೃತಿ ಕಾರ್ಯಕ್ರಮ ಇರಬೇಕು, ಮುಖ್ಯ ಅತಿಥಿಯಾಗಿ ಕರೆಯುತ್ತಿದ್ದಾರೆ ಅಂತ ಜರಿ ಶಲ್ಯ ಹೊದ್ದುಕೊಂಡು, ಭುವನೇಶ್ವರಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು. ಒಳಗೆ ಬಂದವರೇ ಕೈಮುಗಿದು, “ಗಾಂಜಾ ಅಂಕಲ್ ಅಂದ್ರೆ ನಾನೇ ಸಾರ್. ಈ ಏರಿಯಾದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ” ಅಂದರು.

“ಗೊತ್ತಾಯ್ತು, ಕೂತ್ಕೊಳ್ಳಿ. ನಿಮ್ಮ ಹೆಸರು ಹೇಳ್ಕೊಂಡು ಇವರು ಹದಿನಾಲ್ಕು ಮನೆಗೆ ಹೋಗಿದಾರೆ. ಮಾಲು ಎಲ್ಲಿಂದ ಬರುತ್ತೆ?”

ಶಲ್ಯ ಜಾರಿತು. ನಾಗಭೂಷಣರ ಮುಖ ಬಿಳುಚಿತು, ವಿಭೂತಿ ಯಾವುದು ಹಣೆ ಯಾವುದು ಗೊತ್ತಾಗದ ಹಾಗೆ. ಭುವನೇಶ್ವರಿ ಬಾಗಿಲಲ್ಲೇ “ಸ್ವಾಮೀ ಗುರುವೇ” ಅಂತ ಕೂತುಬಿಟ್ಟರು.

“ಸಾರ್, ಸಾರ್, ನಾನು ಆ ಥರದೋನಲ್ಲ! ಅದು ಸುಮ್ನೆ ರಸ್ತೆ ಗುಂಡಿ ಬಗ್ಗೆ ಹೇಳಕ್ಕೆ ಹೋಗಿ ಬಾಯ್ತಪ್ಪಿ ಬಂದಿದ್ದು! ನಿಜ ಹೇಳ್ತೀನಿ, ನಾನು ಪೂರಾ ವಿರೋಧಿ. ಗಾಂಜಾ ಅನ್ನೋದು ಸಮಾಜದ ಪಿಡುಗು ಸಾರ್! ಅದರ ಒಂದು ಎಲೆಗೂ ಅವಕಾಶ ಕೊಡಬಾರದು!”

ಅಂಜಿನಯ್ಯ ಕುರ್ಚಿಯಿಂದ ಅರ್ಧ ಎದ್ದರು. ಪಿಡುಗು! ಒಂದು ಎಲೆಗೂ! ಅದು ತನ್ನದು. ನಾಲ್ಕು ದಿನ ಬೀದಿ ಸುತ್ತಿ ಸಂಪಾದಿಸಿ, ಹಾಗಲಕಾಯಿ ತಿಂದು ಕಾಪಾಡಿಕೊಂಡ ಸ್ವಂತ ಅಭಿಪ್ರಾಯ. ನಾಳೆ ಬೆಳಿಗ್ಗೆ ಮಾಲವಿಕಾಳ ಮೈಕಿನ ಮುಂದೆ, ಶಶಿಕಲಾಳ ಕಣ್ಣೆದುರು ಹೇಳಬೇಕಾಗಿದ್ದದ್ದು. ಅದನ್ನು ಈ ಮನುಷ್ಯ ಓದದೆ, ಬರೆಯದೆ, ಬೆವರಿನ ಜೊತೆ ಹೊರಗೆ ಹಾಕಿಬಿಟ್ಟ.

ಇನ್ಸ್‌ಪೆಕ್ಟರ್ ದಡ್ಡರಲ್ಲ. ಅಷ್ಟರಲ್ಲಿ ಕಡತದ ಹಾಳೆಗಳನ್ನೆಲ್ಲ ಮಗುಚಿ ನೋಡಿದ್ದರು, ಪಟ್ಟಿಯಲ್ಲಿದ್ದ ಒಂದೆರಡು ನಂಬರಿಗೆ ಫೋನೂ ಮಾಡಿದ್ದರು. ಅವರಿಗೆ ವಿಷಯ ಹೊಳೆದು ಮೀಸೆಯ ಕೆಳಗೆ ನಗು ಬಂತು.

“ಅರ್ಥ ಆಯ್ತು ಬಿಡಿ. ಆ ಪಿಜಿ ಹುಡುಗರನ್ನ ಆಮೇಲೆ ವಿಚಾರಿಸ್ಕೋತೀನಿ. ನೀವಿಬ್ಬರೂ ವಯಸ್ಸಾದೋರು, ಇಂಥ ವಿಷಯದಲ್ಲಿ ಹುಷಾರಾಗಿರ್ಬೇಕು. ಈಗ ಇವರು ಬೇಡ ಅಂದ್ರು. ಅಂಜಿನಯ್ಯನೋರೆ, ನಿಮ್ಮದೂ ಅದೇ ತಾನೇ? ‘ಇವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ’ ಅಂತ ಒಂದ್ಮಾತು ಹೇಳಿ, ಇಬ್ಬರೂ ಮನೆಗೆ ಹೋಗಿ.”

ಎಷ್ಟು ಸುಲಭ! ಹೂಂ ಅಂದರೆ ಮುಗಿಯಿತು. ಅದು ನಿಜವೂ ಹೌದು, ಕಡತದಲ್ಲಿ ಬರೆದದ್ದೂ ಹೌದು. ನಾಗಭೂಷಣ್ ಪಕ್ಕದಿಂದ ಕಣ್ಣಲ್ಲೇ ‘ಹೂಂ ಅನ್ನಯ್ಯ’ ಅಂತ ಬೇಡುತ್ತಿದ್ದರು. ಹೆಡ್ ಕಾನ್‌ಸ್ಟೆಬಲ್ ಅಮೀನಪ್ಪ ಪೆನ್ನು ಹಿಡಿದು ಕಾಯುತ್ತಿದ್ದ. ಆದರೆ ನಾಗಭೂಷಣ ಹೇಳಿದ್ದಕ್ಕೆ ಅಂಜಿನಯ್ಯ ಒಪ್ಪುವುದೆ? ಅಂಜಿನಯ್ಯ ಪೂರ್ತಿ ಎದ್ದು ನಿಂತರು.

“ಇಲ್ಲ ಸಾರ್! ಮಾಡ್ಬೇಕು! ಗಾಂಜಾನ ಲೀಗಲ್ ಮಾಡ್ಲೇಬೇಕು!”

ಲಾಕಪ್ಪಿನೊಳಗೆ ಇದ್ದ ಇಬ್ಬರು ಚಪ್ಪಾಳೆ ಹೊಡೆದರು. ಇನ್ಸ್‌ಪೆಕ್ಟರ್ ಅವರ ನಗು ಅಲ್ಲಿಗೇ ನಿಂತಿತು.

“ಪೊಲೀಸ್ ಸ್ಟೇಷನ್ನಲ್ಲಿ ನಿಂತು ಹೇಳ್ತಿದೀರಾ, ಗೊತ್ತಿದೆಯಾ?”

“ಎಲ್ಲಿ ಬೇಕಾದ್ರೂ ಹೇಳ್ತೀನಿ ಸಾರ್. ಇದು ನನ್ನ ಪರ್ಸನಲ್ ಅಭಿಪ್ರಾಯ!”

“ಅಮೀನಪ್ಪ, ಇವರನ್ನ ಆ ಬೆಂಚಿನ ಮೇಲೆ ಕೂರ್ಸು. ಪಟ್ಟಿಯಲ್ಲಿರೋ ಹದಿನಾಲ್ಕು ಜನಕ್ಕೂ ಫೋನ್ ಮಾಡಿ ಪೂರ್ತಿ ವಿಚಾರಿಸು. ನಾಗಭೂಷಣ್ ಅವರೇ, ನೀವು ಹೊರಡಿ. ನಿಮ್ಮಂಥ ತಿಳಿದ ಹಿರಿಯರು ಸಮಾಜಕ್ಕೆ ಬೇಕು.” ಅಂದವರೇ ಕೈಕುಲುಕಿ ಬಾಗಿಲವರೆಗೂ ಬಿಟ್ಟುಬಂದರು. ಬೆನ್ನೂ ತಟ್ಟಿದರು. ಅಂಜಿನಯ್ಯ ಬೆಂಚಿನ ಮೇಲೆ ಕೂತು ಅದನ್ನೂ ನೋಡಿದರು.

ಅಮೀನಪ್ಪ ಹದಿನಾಲ್ಕು ಜನಕ್ಕೂ ಫೋನು ಹಚ್ಚಿದ. ಅಂಜಿನಯ್ಯ ಅಂದರೆ ಯಾರು ಅಂತಲೇ ಗೊತ್ತಿಲ್ಲ ಎಂದು ಹನ್ನೆರಡು ಜನ ಹೇಳಿದರು. ಸಿದ್ಧಾರ್ಥ ತಾನು ಆವತ್ತು ಊರಲ್ಲೇ ಇರಲಿಲ್ಲ, ಈಗಲೂ ಇಲ್ಲ ಅಂದ. ಅವರ ಮನೆಯ ಮಹಡಿಯಲ್ಲೇ ಇರುವ ದುಂಡಪ್ಪ, “ಆ ಮನಿಗೆ ಮಾಲಕ್ರು ಅಂತ ಯಾರೂ ಇಲ್ರೀ” ಅಂತ ಫೋನಿಟ್ಟ.

ಮಧ್ಯಾಹ್ನ ಒಂದೂವರೆಗೆ ಶಶಿಕಲಾ ಬಂದರು, ಕೈಯಲ್ಲಿ ಊಟದ ಕ್ಯಾರಿಯರು. ಅತ್ತು ಅತ್ತು ಕಣ್ಣು ಊದಿತ್ತು. ಬೆಂಚಿನ ತುದಿಯಲ್ಲಿ ಕೂತು ಗಂಡನ ಮುಖವನ್ನೇ ನೋಡಿದರು.

“ದೇವರ ಮೇಲೆ ಆಣೆ ಇಟ್ಟು ಹೇಳಿ. ಸೇದ್ತೀರಾ?”

“ಇಲ್ಲ ಕಣೇ! ಅದರ ವಾಸನೆ ಹೇಗಿರುತ್ತೆ ಅಂತಾನೂ ನಂಗೊತ್ತಿಲ್ಲ. ನಾನು ಮಾಡಿದ್ದು ಕಡತ.” ಅಂಜಿನಯ್ಯ ಮೊದಲಿನಿಂದ ಕೊನೆಯವರೆಗೂ ಒಪ್ಪಿಸಿದರು. ಅಭಿಪ್ರಾಯ ಬರೆದದ್ದು, ನಾಗಭೂಷಣ ಅದನ್ನು ಕಿತ್ತುಕೊಂಡದ್ದು, ಎಲ್ಲ.

“ನಿಮ್ಮ ಫೈಲಲ್ಲೂ ಬೇಡ ಅಂತಾನೇ ಇತ್ತಲ್ರಿ. ಹೂಂ ಅಂದು ಬರೋದಲ್ವಾ? ಪೊಲೀಸ್ನೋರ ಮುಂದೆ ಬೇಕು ಅಂತ ಯಾಕೆ ಬಡ್ಕೊಂಡ್ರಿ?”

ಅಂಜಿನಯ್ಯ ತಲೆ ತಗ್ಗಿಸಿದರು. “ಅವನು ಬೇಡ ಅಂದ ಕಣೇ. ನಂಗೆ ತಡ್ಕೊಳಕ್ಕಾಗ್ಲಿಲ್ಲ.”

ಶಶಿಕಲಾ ಕ್ಯಾರಿಯರಿನ ಮುಚ್ಚಳದ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: “ಬರೋವಾಗ ಆ ಭುವನೇಶ್ವರಿ ಕಾರ್ ನಿಲ್ಸಿ, ಗಾಜು ಇಳ್ಸಿ ಏನಂದ್ಲು ಗೊತ್ತಾ? ‘ಪಾಪ ಶಶಿಕಲಾ, ನಮ್ಮೋರು ಹೇಳಿದ ಹಾಗೆ ಹೇಳಿದ್ರೆ ನಿಮ್ಮೋರೂ ಇಷ್ಟೊತ್ತಿಗೆ ಮನೇಲಿ ಮಲಗಿರೋರು. ಅಷ್ಟೂ ಬುದ್ಧಿ ಬೇಡ್ವಾ?’ ಅಂದ್ಲು. ರೇಷ್ಮೆ ಸೀರೆ ಉಟ್ಕೊಂಡು!”

“ನೀನೇನಂದೆ?”

ಶಶಿಕಲಾ ಕ್ಯಾರಿಯರ್ ಬಿಚ್ಚಿ, ಅನ್ನ ಬಡಿಸಿ, ಮೇಲೆ ಧಾರಾಳವಾಗಿ ತುಪ್ಪ ಹಾಕಿ ಗಂಡನ ಮುಂದಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು, ನೇರ ಅಮೀನಪ್ಪನ ಮೇಜಿನ ಮುಂದೆ ಹೋಗಿ ನಿಂತರು.

“ಸಾರ್, ನಮ್ಮ ಯಜಮಾನ್ರು ಹೇಳಿದ್ದೇ ನಂದೂ. ಬೇಕು ಅಂತ ಬರ್ಕೊಳ್ಳಿ. ಎಲ್ಲಿ ಸಹಿ ಹಾಕ್ಬೇಕು?”